ಹಳೆಯ ಬುಲೆಟ್ ಮತ್ತೆ ರಸ್ತೆಗೆ: ಬಣ್ಣಕ್ಕೆ ಮುಂಚೆ ಆಯಿಲ್ ದಾರಿ ನೋಡಿ



ಸೇಲಂ, ಧರ್ಮಪುರಿ, ಕೃಷ್ಣಗಿರಿ ಸುತ್ತಮುತ್ತ ನಮ್ಮವರ ಕೆಲವು ಮನೆಗಳಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಹಳೆಯ ಬುಲೆಟ್ ಒಂದನ್ನು ಈಗಲೂ ನೋಡಬಹುದು. ಅದು ಅಪ್ಪನದೋ, ಮಾವನದೋ, ತಾತನದೋ ಆಗಿರುತ್ತದೆ. ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ, ಓಡಿಸಲು ಧೈರ್ಯ ಸಾಲುವುದಿಲ್ಲ. ಈಚೆಗೆ ಮಕ್ಕಳು, ಮೊಮ್ಮಕ್ಕಳು ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ ತೋರಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಹೆಚ್ಚಿನವರು ಬಣ್ಣ, ಕ್ರೋಮ್, ಸೀಟುಗಳಿಂದ ಕೆಲಸ ಶುರು ಮಾಡುತ್ತಾರೆ. ಇಂಜಿನ್ ಒಳಗೆ ಆಯಿಲ್ ಓಡುತ್ತಿದೆಯೇ ಎಂದು ನೋಡುವುದು ಕೊನೆಗೆ ಉಳಿಯುತ್ತದೆ, ಕೆಲವೊಮ್ಮೆ ಉಳಿಯುವುದೂ ಇಲ್ಲ.

ಆ ತಪ್ಪಿನ ಬೆಲೆಯನ್ನು ನಾನು ತೆತ್ತಿದ್ದೇನೆ. ನಮ್ಮ ತಂದೆಯವರ ಬುಲೆಟ್‌ನ ಇಂಜಿನನ್ನು ಪೂರ್ತಿ ಬಿಚ್ಚಿ ಕಟ್ಟಿಸಿ, ಹೊಸ ಬಣ್ಣ ಹೊಡೆಸಿ, ಮೊದಲ ದೂರದ ಓಡಾಟಕ್ಕೆಂದು ಏರ್ಕಾಡು ಬೆಟ್ಟ ಹತ್ತಿಸಿದೆ. ಅರ್ಧ ದಾರಿಯಲ್ಲಿ ಕಟಕಟ ಸದ್ದು ಬಂತು, ಆಮೇಲೆ ದೊಡ್ಡದೊಂದು ಏಟು ಬಿದ್ದ ಸದ್ದು, ಇಂಜಿನ್ ನಿಂತಿತು. ಬಿಚ್ಚಿದಾಗ ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್ ಕೇಸಿನಲ್ಲಿ ತೂತಾಗಿತ್ತು. ಟ್ಯಾಂಕಿನಲ್ಲಿ ಆಯಿಲ್ ಭರ್ತಿ ಇತ್ತು. ಟೈಮಿಂಗ್ ಕವರಿಗೆ ಹಚ್ಚಿದ್ದ ಗ್ಯಾಸ್ಕೆಟ್ ಪೇಸ್ಟು ಒಳಕ್ಕೆ ಹಿಂಡಿಕೊಂಡು ಆಯಿಲ್ ಹೋಗುವ ಸಣ್ಣ ತೂತನ್ನು ಮುಚ್ಚಿಬಿಟ್ಟಿತ್ತು, ಅಷ್ಟೇ. ಆ ತೂತು ತೆರೆದಿದೆಯೇ ಎಂದು ನೋಡಲು ಐದು ನಿಮಿಷ ಸಾಕಿತ್ತು.

ಅಂಥ ಐದು ನಿಮಿಷದ ಪರೀಕ್ಷೆಗಳನ್ನು ಒಂದೆಡೆ ಬರೆದಿಡುವುದೇ ಈ ಲೇಖನದ ಉದ್ದೇಶ. ಬೇಕಾದವರು ಅಚ್ಚು ತೆಗೆದಿಟ್ಟುಕೊಂಡು ಮೆಕ್ಯಾನಿಕ್ ಬಳಿಗೆ ಹೋಗುವಾಗ ಜೊತೆಗೆ ಒಯ್ಯಬಹುದು.

ಯಾವ ಗಾಡಿಗಳಿಗೆ ಇದು ಅನ್ವಯ

ಬುಲೆಟ್ ಹುಟ್ಟಿದ್ದು ಇಂಗ್ಲೆಂಡಿನ ರೆಡ್ಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ. ಬುಲೆಟ್ ಎಂಬ ಹೆಸರು 1932ರದು. ನಮಗೆ ಪರಿಚಯವಿರುವ ರೂಪ, ಅಂದರೆ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಮತ್ತು ಶಾಕ್ ಅಬ್ಸಾರ್ಬರ್ ಇರುವ 350 ಸಿ.ಸಿ. ಗಾಡಿ, ಎರಡನೆಯ ಮಹಾಯುದ್ಧದ ನಂತರ ಬಂದದ್ದು. ಭಾರತ ಸರ್ಕಾರ ಸೇನೆಗಾಗಿ ಅದನ್ನು ತರಿಸಿಕೊಂಡ ಮೇಲೆ, 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಆಯಿತು. ಮದ್ರಾಸಿನ ತಿರುವೊತ್ತಿಯೂರಿನಲ್ಲಿ ಮೊದಲು ಬಿಡಿಭಾಗ ಜೋಡಿಸಿ, ಆಮೇಲೆ ಪೂರ್ತಿಯಾಗಿ ಇಲ್ಲೇ ತಯಾರಿಸಲು ಶುರು ಮಾಡಿದರು. ರೆಡ್ಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ತವರಿನಲ್ಲಿ ನಿಂತುಹೋದ ಇಂಜಿನ್ ನಮ್ಮಲ್ಲಿ ದಶಕಗಳ ಕಾಲ ಹೆಚ್ಚು ಬದಲಾಗದೆ ತಯಾರಾಯಿತು.

ಇಲ್ಲಿ ಹೇಳುವುದು ಆ ಹಳೆಯ ಇಂಜಿನ್ನಿಗೆ, ಮೆಕ್ಯಾನಿಕ್‌ಗಳು ಕಾಸ್ಟ್ ಐರನ್ ಬುಲೆಟ್ ಎನ್ನುವ ಗಾಡಿಗೆ. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿ.ಸಿ. ಗೇರ್ ಬಾಕ್ಸ್ ಬೇರೆ, ಇಂಜಿನ್ ಬೇರೆ. ಗೇರ್ ಪೆಡಲ್ ಬಲಗಾಲಿಗೆ. ಇಂಜಿನ್, ಗೇರ್ ಬಾಕ್ಸ್ ಒಂದೇ ಆಗಿರುವ ಈಗಿನ ಬುಲೆಟ್‌ಗಳಿಗೆ ಇದು ಹೊಂದುವುದಿಲ್ಲ. ಬಿ.ಎಸ್.ಎ., ನಾರ್ಟನ್, ಮ್ಯಾಚ್‌ಲೆಸ್, ಟ್ರಯಂಫ್ ಇರುವವರಿಗಾಗಿ ಕೊನೆಯಲ್ಲಿ ಕೆಲವು ಮಾತು ಸೇರಿಸಿದ್ದೇನೆ.

ಆಯಿಲ್ ಹೇಗೆ ಓಡುತ್ತದೆ

ನಮ್ಮ ಮನೆಗಳಲ್ಲಿ ಕೆಳಗೆ ಸಂಪ್, ಮೇಲೆ ಟ್ಯಾಂಕ್ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಏರ್ಪಾಡು. ಬುಲೆಟ್‌ನಲ್ಲಿ ಆಯಿಲ್ ಟ್ಯಾಂಕ್ ಹೊರಗೆ ಕಾಣುವುದಿಲ್ಲ. ಕ್ರ್ಯಾಂಕ್ ಕೇಸಿನ ಎರಕದಲ್ಲೇ, ಕ್ರ್ಯಾಂಕ್ ತಿರುಗುವ ಕೋಣೆಯ ಹಿಂದೆ, ಬೇರೊಂದು ಕೋಣೆಯಾಗಿ ಅದು ಇದೆ. ಅಳತೆ ಕಡ್ಡಿ ಇರುವ ಮುಚ್ಚಳ ಆ ಕೋಣೆಯದು. ಅದರಲ್ಲಿ ಸುಮಾರು ಎರಡೂಕಾಲು ಲೀಟರ್ ಆಯಿಲ್ ಹಿಡಿಯುತ್ತದೆ.

ಬಲಬದಿಯ ಟೈಮಿಂಗ್ ಕವರಿನಲ್ಲಿ ಎರಡು ಪುಟ್ಟ ಪಂಪುಗಳಿವೆ. ಕ್ರ್ಯಾಂಕಿನ ತುದಿಯಲ್ಲಿರುವ ತಿರುಪಿನ ಹಲ್ಲು, ಅಂದರೆ ವರ್ಮ್, ಒಂದು ಕಡ್ಡಿಯನ್ನು ತಿರುಗಿಸುತ್ತದೆ. ಆ ಕಡ್ಡಿ ಎರಡೂ ಪಂಪಿನ ಪ್ಲಂಜರುಗಳನ್ನು ಆಡಿಸುತ್ತದೆ. ಒಂದು ಪಂಪ್ ಟ್ಯಾಂಕಿನಿಂದ ಆಯಿಲ್ ಎಳೆದು ಫೆಲ್ಟ್ ಫಿಲ್ಟರಿನ ಮೂಲಕ ಕ್ರ್ಯಾಂಕಿನ ಒಳಕ್ಕೆ, ಬಿಗ್ ಎಂಡ್ ಬುಷ್‌ಗೆ ತಳ್ಳುತ್ತದೆ. ಅಲ್ಲಿಂದ ಚಿಮ್ಮಿದ ಆಯಿಲ್ ಬೋರ್, ಪಿಸ್ಟನ್, ಬೇರಿಂಗುಗಳನ್ನು ನೆನೆಸಿ ಕ್ರ್ಯಾಂಕ್ ಕೋಣೆಯ ತಳಕ್ಕೆ ಇಳಿಯುತ್ತದೆ. ಇನ್ನೊಂದು ಪಂಪ್ ಅದನ್ನು ಎತ್ತಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ವಾಪಸ್ ಪಂಪಿಗೆ ಹೆಚ್ಚು ಎಳೆಯುವ ಶಕ್ತಿ ಇದೆ, ತಳದಲ್ಲಿ ಆಯಿಲ್ ನಿಲ್ಲಬಾರದೆಂದು. ಮೇಲಿನ ರಾಕರುಗಳಿಗೆ ಹೊರಗಿನ ಸಣ್ಣ ಪೈಪಿನಲ್ಲಿ ಆಯಿಲ್ ಹೋಗುತ್ತದೆ.

ಎರಡು ಮಾತು ನೆನಪಿರಲಿ. ಮೊದಲನೆಯದು, ಹಳೆಯ ಬುಲೆಟ್‌ನ ಬಿಗ್ ಎಂಡಿನಲ್ಲಿ ರೋಲರ್ ಬೇರಿಂಗ್ ಇಲ್ಲ, ತೇಲುವ ಬುಷ್ ಇದೆ. ರೋಲರ್ ಸ್ವಲ್ಪ ಹೊತ್ತು ಆಯಿಲ್ ಕಡಿಮೆಯಾದರೂ ತಾಳಿಕೊಳ್ಳುತ್ತದೆ. ಬುಷ್ ತಾಳದು. ಎರಡನೆಯದು, ಈ ಗಾಡಿಯಲ್ಲಿ ಆಯಿಲ್ ಮೀಟರಾಗಲಿ, ಕೆಂಪು ದೀಪವಾಗಲಿ ಇಲ್ಲ. ಆಯಿಲ್ ನಿಂತರೆ ಹೇಳುವವರು ಯಾರೂ ಇಲ್ಲ, ನಾವೇ ನೋಡಬೇಕು.

ವರ್ಷಗಟ್ಟಲೆ ನಿಂತ ಗಾಡಿಗೆ ಮೊದಲ ಕಿಕ್ ಹೊಡೆಯುವ ಮೊದಲು

ಮನೆಗೆ ಬಂದವರೆಲ್ಲ ಒಮ್ಮೆ ಕಿಕ್ ಹೊಡೆದು ನೋಡೋಣ ಎನ್ನುತ್ತಾರೆ. ಬಿಡಬೇಡಿ. ಈ ಕ್ರಮದಲ್ಲಿ ಹೋಗಿ.

1. ಸ್ಪಾರ್ಕ್ ಪ್ಲಗ್ ಬಿಚ್ಚಿ ಬೋರಿಗೆ ಎರಡು ಮೂರು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ಮಾರನೆಯ ದಿನ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನೊಂದು ದಿನ ನೆನೆಯಲಿ.

2. ಇಂಜಿನ್ ಅಡಿಯಲ್ಲಿ ಒಂದಕ್ಕಿಂತ ಹೆಚ್ಚು ಡ್ರೈನ್ ನಟ್‌ಗಳಿವೆ. ಟ್ಯಾಂಕಿನದು ಬೇರೆ, ಕ್ರ್ಯಾಂಕ್ ಕೋಣೆಯದು ಬೇರೆ. ಎಲ್ಲವನ್ನೂ ಬಿಚ್ಚಿ, ಎರಡು ಕಡೆಯ ಆಯಿಲನ್ನೂ ಬೇರೆ ಬೇರೆ ಬಾಂಡಲಿಯಲ್ಲಿ ಹಿಡಿಯಿರಿ. ಕ್ರ್ಯಾಂಕ್ ಕೋಣೆಯಿಂದ ಲೀಟರುಗಟ್ಟಲೆ ಬಂದರೆ, ನಿಂತಲ್ಲೇ ಟ್ಯಾಂಕಿನಿಂದ ಇಳಿದಿದೆ ಎಂದು ತಿಳಿಯಿರಿ.

3. ಬಂದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ. ಹಳದಿ ಮಿಂಚು ಕಂಡರೆ ಯಾವುದೋ ಬುಷ್ ಸವೆದಿದೆ. ಬೂದು ಮಿಂಚು ಪಿಸ್ಟನ್ನಿನದೋ ಕವರಿನದೋ ಅಲ್ಯೂಮಿನಿಯಂ. ಅಯಸ್ಕಾಂತಕ್ಕೆ ಅಂಟುವ ಚೂರು ಇದ್ದರೆ ಗೇರು, ಬೇರಿಂಗ್, ಕ್ಯಾಮ್ ಕಡೆ ನೋಡಬೇಕು. ಚೂರು ಕಂಡ ಇಂಜಿನನ್ನು ಸ್ಟಾರ್ಟ್ ಮಾಡಬೇಡಿ, ಬಿಚ್ಚಿಸಿ.

4. ಟೈಮಿಂಗ್ ಕವರ್ ಬಿಚ್ಚಿ. ಒಳಗೆ ತಾರಿನಂಥ ಕಪ್ಪು ಕೆಸರು ಇರುವುದು ಸಾಮಾನ್ಯ. ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ತೊಳೆಯಿರಿ, ಪೆಟ್ರೋಲ್ ಬೇಡ. ಹತ್ತಿ ಚಿಂದಿ ಬಳಸಬೇಡಿ, ಅದರ ಎಳೆ ತೂತಿಗೆ ಸಿಕ್ಕಿಕೊಳ್ಳುತ್ತದೆ. ವರ್ಮ್ ಬಿಚ್ಚಬೇಕಾದರೆ ಅದರ ಥ್ರೆಡ್ ಯಾವ ಕಡೆಯದು ಎಂದು ಕೈಪಿಡಿ ನೋಡಿಕೊಂಡು ಸ್ಪ್ಯಾನರ್ ಹಾಕಿ.

5. ಫೆಲ್ಟ್ ಫಿಲ್ಟರ್ ಹೊಸದೇ ಹಾಕಿ. ಅದರ ಎರಡೂ ತುದಿಯ ವಾಷರ್, ಸ್ಪ್ರಿಂಗ್ ಬಿಚ್ಚಿದ ಕ್ರಮದಲ್ಲೇ ಕೂರಬೇಕು. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

6. ಕವರಿನಿಂದ ತಿರುಗುವ ಕ್ರ್ಯಾಂಕಿನ ತುದಿಗೆ ಆಯಿಲ್ ದಾಟುವ ಜಾಗದಲ್ಲಿ ಒಂದು ಪುಟ್ಟ ಸೀಲ್ ಇದೆ, ಹಳೆಯವುಗಳಲ್ಲಿ ಕಾರ್ಕಿನದು. ಬೆರಳ ತುದಿಯಷ್ಟೂ ಇಲ್ಲದ ಈ ವಸ್ತು ಒಡೆದಿದ್ದರೆ ಅಥವಾ ಹಾಕಲು ಮರೆತಿದ್ದರೆ ಪಂಪ್ ಎಷ್ಟು ತಳ್ಳಿದರೂ ಆಯಿಲ್ ಬಿಗ್ ಎಂಡಿಗೆ ಹೋಗದೆ ಪಕ್ಕಕ್ಕೆ ಸೋರುತ್ತದೆ. ಕವರ್ ಬಿಚ್ಚಿದಾಗಲೆಲ್ಲ ಇದನ್ನು ಬದಲಿಸಿ.

ಕವರ್ ಮುಚ್ಚುವ ಮೊದಲು ಮೂರು ಪರೀಕ್ಷೆ

ಮೊದಲನೆಯದು ಪ್ಯಾಕಿಂಗ್ ಪರೀಕ್ಷೆ. ಹೊಸ ಪೇಪರ್ ಪ್ಯಾಕಿಂಗನ್ನು ಕವರಿನ ಮೇಲೂ ಆಮೇಲೆ ಕೇಸಿನ ಮೇಲೂ ಇಟ್ಟು, ಆಯಿಲ್ ತೂತುಗಳು ಪೂರ್ತಿ ತೆರೆದಿವೆಯೇ ನೋಡಿ. ಅಂಗಡಿಯಲ್ಲಿ ಸಿಗುವ ಎಲ್ಲ ಪ್ಯಾಕಿಂಗೂ ಒಂದೇ ಅಳತೆ ಇರುವುದಿಲ್ಲ. ತೂತಿನ ಸುತ್ತ ಪೇಸ್ಟ್ ಹಚ್ಚಲೇಬೇಡಿ. ಹಚ್ಚಲೇಬೇಕಾದರೆ ಹೊರ ಅಂಚಿಗೆ ಮಾತ್ರ, ತೆಳ್ಳಗೆ. ಹೊರಗೆ ಒಂದು ಹನಿ ಸೋರಿದರೆ ನೆಲ ಕೊಳೆಯಾದೀತು, ಅಷ್ಟೇ. ಒಳಗೆ ತೂತು ಮುಚ್ಚಿದರೆ ಇಂಜಿನ್ನೇ ಹೋಗುತ್ತದೆ.

ಎರಡನೆಯದು ಕ್ರ್ಯಾಂಕ್ ಪರೀಕ್ಷೆ. ಆಯಿಲ್ ಕ್ಯಾನಿನ ಮೂತಿಯನ್ನು ಕ್ರ್ಯಾಂಕಿನ ತುದಿಯ ತೂತಿಗೆ ಒತ್ತಿ ಹಿಡಿದು ಆಯಿಲ್ ತಳ್ಳಿ. ಸ್ವಲ್ಪ ತಡೆಯುತ್ತಾ ಒಳಗೆ ಹೋಗಬೇಕು. ಹೋಗುವುದೇ ಇಲ್ಲವೆಂದರೆ ಒಳದಾರಿ ಕಟ್ಟಿದೆ. ತಡೆಯೇ ಇಲ್ಲದೆ ಸಲೀಸಾಗಿ ಹೋದರೆ ಬುಷ್ ಸವೆದಿರುವ ಸಂಭವ ಹೆಚ್ಚು. ಒಳದಾರಿ ಕಟ್ಟಿದ್ದರೆ ಕ್ರ್ಯಾಂಕ್ ಬಿಚ್ಚದೆ ಬೇರೆ ಉಪಾಯವಿಲ್ಲ. ಗಾಳಿ ಹೊಡೆದು ತಳ್ಳಿದರೆ ಆ ಕೆಸರು ನೇರ ಬುಷ್‌ಗೆ ಹೋಗಿ ಕೂರುತ್ತದೆ.

ಮೂರನೆಯದು ಪಂಪ್ ಪರೀಕ್ಷೆ. ಕವರ್ ಕೂರಿಸಿ, ಟ್ಯಾಂಕಿಗೆ ಆಯಿಲ್ ಹಾಕಿ, ಪ್ಲಗ್ ಬಿಚ್ಚಿಟ್ಟು, ಫಿಲ್ಟರ್ ಮುಚ್ಚಳ ತೆರೆದಿಟ್ಟು ನಿಧಾನವಾಗಿ ಕಿಕ್ ತುಳಿಯಿರಿ. ಫಿಲ್ಟರ್ ಕೋಣೆಗೆ ಆಯಿಲ್ ಒಸರಬೇಕು. ಬಂದರೆ ಪಂಪ್ ಎಳೆಯುತ್ತಿದೆ ಎಂದರ್ಥ. ಈಗ ಫಿಲ್ಟರ್ ಹಾಕಿ, ಕೋಣೆಯನ್ನು ಕೈಯಾರೆ ಆಯಿಲಿನಿಂದ ತುಂಬಿ ಮುಚ್ಚಿ. ತುಂಬದೆ ಮುಚ್ಚಿದರೆ ಆ ಕೋಣೆ ತುಂಬುವವರೆಗೆ ಬುಷ್ ಒಣಗಿ ಓಡುತ್ತದೆ.

ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಬರೀ ಐಡಲಿನಲ್ಲಿ ಓಡಲಿ. ಹೆಡ್ಡಿಗೆ ಹೋಗುವ ಸಣ್ಣ ಪೈಪಿನ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಿ. ಆಯಿಲ್ ಒಸರಿದರೆ ರಾಕರಿಗೆ ಹೋಗುತ್ತಿದೆ. ಆದರೆ ಇದನ್ನೇ ನೋಡಿ ಬಿಗ್ ಎಂಡಿಗೂ ಹೋಗುತ್ತಿದೆ ಎಂದು ನಂಬಬೇಡಿ. ಎರಡರ ದಾರಿ ಬೇರೆ, ಅದಕ್ಕೇ ಮೇಲಿನ ಮೂರು ಪರೀಕ್ಷೆ. ಇದನ್ನೆಲ್ಲ ಬಯಲಿನಲ್ಲಿ ಮಾಡಿ. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಿದರೆ ಹೊಗೆ ಪ್ರಾಣಕ್ಕೆ ಅಪಾಯ.

ತೊಂದರೆ ಕಂಡರೆ ಕಾರಣ ಎಲ್ಲಿದೆ

ಬೆಳಿಗ್ಗೆ ಅಳತೆ ಕಡ್ಡಿಯಲ್ಲಿ ಆಯಿಲ್ ಇಲ್ಲ: ಗಾಬರಿಯಾಗಿ ಅರ್ಧ ಲೀಟರ್ ಸುರಿಯಬೇಡಿ. ಕೆಲವು ದಿನ ನಿಂತ ಗಾಡಿಯಲ್ಲಿ ಆಯಿಲ್ ಪಂಪಿನ ಮೂಲಕ ಸೋರಿ ಕ್ರ್ಯಾಂಕ್ ಕೋಣೆಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿ ಕೆಲವು ನಿಮಿಷ ಓಡಿಸಿದರೆ ವಾಪಸ್ ಪಂಪ್ ಅದನ್ನು ಟ್ಯಾಂಕಿಗೆ ಎತ್ತುತ್ತದೆ. ಆಗ ಅಳತೆ ನೋಡಿ. ನೋಡದೆ ಸುರಿದವರ ಟ್ಯಾಂಕ್ ಉಕ್ಕಿ, ಬ್ರೀದರ್ ಪೈಪಿನಿಂದ ಆಯಿಲ್ ಹರಿದು ಹಿಂದಿನ ಟೈರಿಗೆ ಬಿದ್ದದ್ದುಂಟು. ಘಾಟಿಯ ತಿರುವಿನಲ್ಲಿ ಅದು ಜೀವಕ್ಕೇ ಸಂಚು.

ಸ್ಟಾರ್ಟ್ ಮಾಡಿದೊಡನೆ ಮೋಡದಂತೆ ಹೊಗೆ, ಆಮೇಲೆ ಸರಿ: ಇದೂ ಅದೇ ಕಾಯಿಲೆ, ನಿಂತಾಗ ಇಳಿದ ಆಯಿಲ್ ಉರಿಯುತ್ತಿದೆ. ವಾರಗಟ್ಟಲೆ ನಿಂತ ಮೇಲೆ ಹೀಗಾದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದೇ ರಾತ್ರಿಗೆ ಆದರೆ ಪಂಪಿನ ಡಿಸ್ಕ್ ಅದರ ಪೀಠದ ಮೇಲೆ ಸರಿಯಾಗಿ ಕೂರುತ್ತಿಲ್ಲ. ಡಿಸ್ಕನ್ನು ದಪ್ಪ ಗಾಜಿನ ಮೇಲೆ ಮೆಟಲ್ ಪಾಲಿಶ್ ಹಚ್ಚಿ, ಎಂಟರ ಅಂಕೆಯ ಆಕಾರದಲ್ಲಿ ಉಜ್ಜಿದರೆ ಮುಖ ಮಟ್ಟವಾಗುತ್ತದೆ. ಆಮೇಲೆ ಪಾಲಿಶಿನ ಕಣ ಒಂದೂ ಉಳಿಯದಂತೆ ತೊಳೆಯಬೇಕು. ಡಿಸ್ಕನ್ನು ಒತ್ತುವ ಸ್ಪ್ರಿಂಗ್ ಸೋತಿದ್ದರೆ ಬದಲಿಸಿ.

ಓಡುತ್ತಾ ಹೋದಂತೆ ಹೊಗೆ ಹೆಚ್ಚುತ್ತದೆ: ವಾಪಸ್ ಪಂಪ್ ಕೆಲಸ ಮಾಡುತ್ತಿಲ್ಲ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಕೂಡಲೇ ಕ್ರ್ಯಾಂಕ್ ಕೋಣೆಯ ಡ್ರೈನ್ ನಟ್ ಬಿಚ್ಚಿ. ಸ್ವಲ್ಪವೇ ಆಯಿಲ್ ಬರಬೇಕು. ಧಾರಾಕಾರ ಬಂದರೆ ವಾಪಸ್ ದಾರಿ ಕಟ್ಟಿದೆ ಅಥವಾ ಪಂಪ್ ಸವೆದಿದೆ. ಆಯಿಲ್ ಸುಡುವಷ್ಟು ಬಿಸಿ ಇರುತ್ತದೆ, ಕೈ ಜೋಪಾನ.

ಏರುವಾಗ ಹೊಗೆ, ಇಳಿಯುವಾಗ ಹೊಗೆ: ಇದಕ್ಕೆ ನಮ್ಮ ಸೀಮೆಯ ರಸ್ತೆಗಳೇ ಪರೀಕ್ಷಾಲಯ. ಸೇಲಂನಿಂದ ಏರ್ಕಾಡಿಗೆ 20 ಹೇರ್‌ಪಿನ್ ತಿರುವು, ಸುಮಾರು 1,500 ಮೀಟರ್ ಎತ್ತರಕ್ಕೆ ಏರು. ಥ್ರಾಟಲ್ ತಿರುವಿ ಏರುತ್ತಿರುವಾಗ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಪಿಸ್ಟನ್ ರಿಂಗು, ಬೋರ್ ನೋಡಿಸಿ. ಧರ್ಮಪುರಿಯಿಂದ ಸೇಲಂ ಕಡೆಗೆ ತೊಪ್ಪೂರು ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ. ಇಳಿದು ಮುಗಿದು ಥ್ರಾಟಲ್ ಕೊಟ್ಟೊಡನೆ ಒಂದು ಮುದ್ದೆ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿದೆ. ಇಂಜಿನ್ನಿನ ಎಳೆತಕ್ಕೆ ಹೆಡ್ಡಿನ ಆಯಿಲ್ ಒಳಗೆ ಇಳಿದಿರುತ್ತದೆ. ಹಿಂದೆ ಬರುವ ಸ್ನೇಹಿತರೊಬ್ಬರಿಗೆ ನೋಡಿಕೊಳ್ಳಲು ಹೇಳಿ. ಗೈಡ್ ಬದಲಿಸುವ ಕಡೆ ಬೋರ್ ಕೆಲಸ ಮಾಡಿಸಿ ಹಣ ಕಳೆದುಕೊಳ್ಳುವುದು ತಪ್ಪುತ್ತದೆ.

ಎಲ್ಲ ಜೋಡಣೆಯಿಂದಲೂ ಆಯಿಲ್ ಜಿನುಗುತ್ತದೆ: ಎಲ್ಲ ಪ್ಯಾಕಿಂಗ್ ಒಟ್ಟಿಗೆ ಕೆಡುವುದು ಅಪರೂಪ. ಮೊದಲು ಬ್ರೀದರ್ ನೋಡಿ. ಪಿಸ್ಟನ್ ಇಳಿದಾಗಲೆಲ್ಲ ಕ್ರ್ಯಾಂಕ್ ಕೋಣೆಯ ಗಾಳಿ ಹೊರಗೆ ಹೋಗಬೇಕು, ವಾಪಸ್ ಬರಬಾರದು. ಬ್ರೀದರ್ ಕೊಳವೆ ಕಟ್ಟಿದ್ದರೆ, ಬಾತುಕೋಳಿ ಕೊಕ್ಕಿನಂಥ ರಬ್ಬರ್ ಗಟ್ಟಿಯಾಗಿದ್ದರೆ, ಒಳಗಿನ ಒತ್ತಡ ಆಯಿಲನ್ನು ಸಿಕ್ಕ ಸಂದಿಯಲ್ಲೆಲ್ಲ ಹೊರಗೆ ದೂಡುತ್ತದೆ. ಪ್ಯಾಕಿಂಗ್ ಬದಲಿಸುವ ಮೊದಲು ಆ ರಬ್ಬರ್ ತುಂಡನ್ನು ಬದಲಿಸಿ ನೋಡಿ. ರಿಂಗು ಪೂರ್ತಿ ಸವೆದಿದ್ದರೂ ಒತ್ತಡ ಹೀಗೆಯೇ ಏರುತ್ತದೆ.

ಇಂಜಿನ್ ಆಯಿಲ್ ಇಳಿಯುತ್ತದೆ, ಹೊಗೆಯೂ ಇಲ್ಲ, ಸೋರಿಕೆಯೂ ಇಲ್ಲ: ಎಡಬದಿಯ ಚೈನ್ ಕೇಸಿನ ಲೆವೆಲ್ ಪ್ಲಗ್ ಬಿಚ್ಚಿ. ಅಲ್ಲಿಂದ ಹೆಚ್ಚಿನ ಆಯಿಲ್ ಬಂದರೆ ಕ್ರ್ಯಾಂಕಿನ ಎಡ ಸೀಲ್ ಸೋರಿ ಇಂಜಿನ್ ಆಯಿಲ್ ಅಲ್ಲಿಗೆ ಸೇರುತ್ತಿದೆ. ಕ್ಲಚ್ ಜಾರುತ್ತಿದೆ ಎಂಬ ದೂರಿಗೂ ಎಷ್ಟೋ ಸಲ ಇದೇ ಕಾರಣ.

ತಳದಿಂದ ಕಟಕಟ ಸದ್ದು: ಆ ಕ್ಷಣವೇ ನಿಲ್ಲಿಸಿ. ಮನೆ ಹತ್ತಿರವೇ ಇದೆ, ಹೋಗಿಬಿಡೋಣ ಎನ್ನಬೇಡಿ. ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿ. ಟೆಂಪೋ ಬಾಡಿಗೆ ಕೊಟ್ಟರೆ ಬುಷ್ ಒಂದರಲ್ಲಿ ಮುಗಿಯುವ ಖರ್ಚು, ಓಡಿಸಿದರೆ ರಾಡು, ಕೇಸುಗಳವರೆಗೆ ಹೋಗುತ್ತದೆ.

ಯಾವ ಆಯಿಲ್

ನಮ್ಮ ಬಿಸಿಲಿಗೆ 20ಡಬ್ಲ್ಯು-50 ಸರಿ ಹೊಂದುತ್ತದೆ. ತೆಳು ಆಯಿಲ್ ಒಳ್ಳೆಯದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಈ ಪಂಪು, ಬುಷ್‌ಗಳ ಸಂದಿ ಈಗಿನ ಗಾಡಿಗಳಷ್ಟು ಬಿಗಿಯಲ್ಲ. ಇನ್ನೊಂದು ಎಚ್ಚರಿಕೆ: ಬಹಳ ವರ್ಷ ಹಳೆಯ ಕಾಲದ ಆಯಿಲಿನಲ್ಲಿ ಓಡಿ ಕೆಸರು ಕಟ್ಟಿದ ಇಂಜಿನ್ನಿಗೆ, ಬಿಚ್ಚಿ ತೊಳೆಯದೆ ಈಗಿನ ಆಯಿಲ್ ಹಾಕಿದರೆ ಅದು ಕೆಸರನ್ನು ಕರಗಿಸಿ ಸಣ್ಣ ದಾರಿಗಳಿಗೆ ಒಯ್ಯುತ್ತದೆ. ತೊಳೆದೇ ಹಾಕಿ. ಹೊಸದಾಗಿ ಕಟ್ಟಿದ ಇಂಜಿನ್ನಿನ ಮೊದಲ ಆಯಿಲನ್ನು 500 ಕಿ.ಮೀ. ಒಳಗೇ ಬದಲಿಸಿ, ಫೆಲ್ಟನ್ನೂ ತೆಗೆದು ನೋಡಿ. ತೆಗೆದ ಹಳೆಯ ಆಯಿಲನ್ನು ಚರಂಡಿಗೋ ಬಾವಿಯ ಪಕ್ಕಕ್ಕೋ ಸುರಿಯದೆ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಬೇರೆ ಬ್ರಿಟಿಷ್ ಗಾಡಿಗಳು

ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಗಾಡಿಗಳು ಭಾರತದಲ್ಲಿ ಹಲವರ ಕೈಸೇರಿದವು. ಬಿ.ಎಸ್.ಎ. ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್ ಅಂಥವು. ಇವುಗಳಲ್ಲಿ ಆಯಿಲ್ ಟ್ಯಾಂಕ್ ಸೀಟಿನ ಕೆಳಗೆ ಬೇರೆಯಾಗಿ ಇರುತ್ತದೆ. ಆದ್ದರಿಂದ ಪರೀಕ್ಷೆ ಸುಲಭ: ಇಂಜಿನ್ ಓಡುವಾಗ ಟ್ಯಾಂಕಿನ ಮುಚ್ಚಳ ತೆಗೆದರೆ ವಾಪಸ್ ಬರುವ ಆಯಿಲ್ ಕಣ್ಣಿಗೇ ಕಾಣುತ್ತದೆ. ಬಿ.ಎಸ್.ಎ., ನಾರ್ಟನ್‌ಗಳಲ್ಲಿ ಗೇರ್ ಪಂಪ್ ಇದೆ. ಸವೆದರೆ ನಿಂತಲ್ಲೇ ಆಯಿಲ್ ಇಳಿಯುತ್ತದೆ. ಟ್ರಯಂಫ್‌ನಲ್ಲಿ ಪ್ಲಂಜರ್ ಪಂಪು, ಗುಂಡಿನ ವಾಲ್ವುಗಳಿವೆ. ಗುಂಡಿನ ಕೆಳಗೆ ಒಂದು ಕಣ ಕಸ ಸಿಕ್ಕರೂ ಪಂಪ್ ಎತ್ತುವುದಿಲ್ಲ. ಮ್ಯಾಚ್‌ಲೆಸ್‌ನಲ್ಲಿ ಪ್ಲಂಜರಿಗೆ ದಾರಿ ತೋರಿಸುವ ಒಂದು ಸ್ಕ್ರೂ ಇದೆ. ಅದನ್ನು ಬಿಚ್ಚಿದ ಮೇಲೆ ಇಂಜಿನ್ ತಿರುಗಿಸಬಾರದು, ಒಳಗಿನ ಹಲ್ಲು ಮುರಿಯುತ್ತದೆ.

ಆಯಿಲ್ ಇಳಿಯದಿರಲಿ ಎಂದು ಟ್ಯಾಂಕಿನ ಪೈಪಿಗೆ ನಲ್ಲಿ ಹಾಕಿಸುವವರಿದ್ದಾರೆ. ನಲ್ಲಿ ತೆರೆಯಲು ಒಂದು ದಿನ ಮರೆತರೆ ಇಂಜಿನ್ ಮುಗಿಯಿತು. ಹಾಕಿಸಲೇಬೇಕಾದರೆ ನಲ್ಲಿ ಮುಚ್ಚಿದ್ದಾಗ ಕರೆಂಟ್ ಬಾರದಂತೆ ಸ್ವಿಚ್ ಜೋಡಿಸಿ.

ಕ್ರ್ಯಾಂಕ್ ಕೇಸ್ ಯಾಕೆ ಅಷ್ಟು ಮುಖ್ಯ

ಪಿಸ್ಟನ್, ಬೋರ್, ರಾಡ್ ಎಲ್ಲ ಹೊಸದು ಸಿಗುತ್ತದೆ. ಆದರೆ ಇಂಜಿನ್ ನಂಬರ್ ಇರುವುದು ಕ್ರ್ಯಾಂಕ್ ಕೇಸಿನ ಮೇಲೆ. ಅದು ಆರ್.ಸಿ.ಯಲ್ಲಿ ಬರೆದಿರುವ ನಂಬರ್. ಕೇಸ್ ಬದಲಾದರೆ ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ. ತಿದ್ದಿಸಬೇಕು. ನಮ್ಮ ಗಾಡಿಯ ತೂತು ನಂಬರಿನ ಜಾಗದಿಂದ ದೂರ ಬಿದ್ದಿತ್ತು. ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ ಅದೇ ಕೇಸನ್ನು ಉಳಿಸಿಕೊಂಡೆವು. ಎಲ್ಲರ ಅದೃಷ್ಟ ಹಾಗಿರುವುದಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿಸ್, ಇಂಜಿನ್ ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಸ್ವಂತ ಬಳಕೆಯ ವಾಹನಗಳಿಗೆ ಇದು. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ. ದಿನವೂ ಓಡಿಸುವ ಆಸೆಯಿದ್ದರೆ ಸಾಮಾನ್ಯ ಆರ್.ಸಿ.ಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಿ.

ಗಡಿಯ ನಮಗೆ ಇನ್ನೊಂದು ಮಾತು. ತಾತನ ಗಾಡಿ ಕರ್ನಾಟಕದ್ದು, ಈಗ ಇರುವುದು ಹೊಸೂರಿನಲ್ಲೋ ಧರ್ಮಪುರಿಯಲ್ಲೋ ಎಂಬ ಮನೆಗಳಿವೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು, ಅದಕ್ಕೆ ಮೂಲ ಕಚೇರಿಯಿಂದ ಎನ್.ಓ.ಸಿ. ಬೇಕು. ಗಾಡಿ ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ. ಇಂಜಿನ್ ಬಿಚ್ಚುವ ಮೊದಲೇ ಕಾಗದ ನೋಡಿಕೊಳ್ಳುವುದು ಜಾಣತನ.

ಮೆಕ್ಯಾನಿಕ್ ಹತ್ತಿರ ಆಡುವ ಮಾತು

ಹಳೆಯ ಬುಲೆಟ್ ಬಲ್ಲ ಮೆಕ್ಯಾನಿಕ್‌ಗಳು ನಮ್ಮ ಕಡೆ ಹೆಚ್ಚಾಗಿ ತಮಿಳಿನಲ್ಲೇ ಮಾತಾಡುತ್ತಾರೆ. ಬೆಂಗಳೂರು, ಮೈಸೂರು ಕಡೆಯಿಂದ ಹೊಸದಾಗಿ ಬಂದ ಸದಸ್ಯರಿಗೆ ಈ ಕೆಲವು ಮಾತು ನೆರವಾದಾವು.

ಆಯಿಲ್ ಕಸಿಯುದು: ಆಯಿಲ್ ಸೋರುತ್ತಿದೆ.
ಪುಗೈ ವರುದು: ಹೊಗೆ ಬರುತ್ತಿದೆ.
ಸತ್ತಂ ಪೋಡುದು: ಸದ್ದು ಮಾಡುತ್ತಿದೆ.
ಅಡೈಪ್ಪು ಇರುಕ್ಕು: ಕಟ್ಟಿಕೊಂಡಿದೆ.
ಮರೈ ಪೋಚ್ಚು: ಥ್ರೆಡ್ ಹೋಗಿದೆ.
ಪ್ಯಾಕಿಂಗ್ ಓಟ್ಟೈ ಸರಿಯಾ ಇರುಕ್ಕಾ ಪಾರುಂಗಣ್ಣ: ಪ್ಯಾಕಿಂಗಿನ ತೂತು ಸರಿಯಾಗಿದೆಯೇ ನೋಡಿ ಅಣ್ಣ.

ಕೊನೆಯ ಮಾತನ್ನು ನಾನು ಅವತ್ತು ಕೇಳಿದ್ದರೆ ಸಾಕಿತ್ತು. ಕೇಳಿದರೆ ಮೆಕ್ಯಾನಿಕ್ ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡ. ಒಳ್ಳೆಯ ಕೆಲಸಗಾರರು ಪಕ್ಕದಲ್ಲಿ ಕೂತು ನೋಡುವವರನ್ನು ಇಷ್ಟಪಡುತ್ತಾರೆ. ಕವರ್ ಮುಚ್ಚುವ ದಿನ ರಜೆ ಹಾಕಿಯಾದರೂ ಅಲ್ಲಿರಿ.

ನಮ್ಮ ಬುಲೆಟ್ ಈಗ ಮತ್ತೆ ಓಡುತ್ತಿದೆ. ಬಣ್ಣ ಅಲ್ಲಲ್ಲಿ ಕೆರೆದಿದೆ, ಟೈಮಿಂಗ್ ಕವರಿನ ಕೆಳಗೆ ರಾತ್ರಿಗೆ ಒಂದು ಹನಿ ಬೀಳುತ್ತದೆ. ಅದರ ಕೆಳಗೆ ಒಂದು ರಟ್ಟಿನ ತುಂಡು ಇಟ್ಟಿದ್ದೇವೆ. ಪ್ರತಿದಿನ ಬೆಳಿಗ್ಗೆ ಅದನ್ನು ನೋಡುವುದು ನಮ್ಮ ಮನೆಯ ಹುಡುಗನ ಕೆಲಸ. ಹನಿ ಒಂದೇ ಇದ್ದರೆ ಗಾಡಿ ಹೊರಡುತ್ತದೆ.